ಟ್ರಂಕಿನಲ್ಲಿದ್ದ ಚಿಪ್ಪು

ಬ್ಲಾಗಿನ ಕಡೆ ತಲೆ ಹಾಕದೆ ಎರಡು ತಿಂಗಳ ಮೇಲಾಯಿತು. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಕೂತರೆ ಬರೆಯೋ ಮನಸ್ಸು ಬರಲಿಲ್ಲ ಅಷ್ಟೆ. ಹೋದ ಮಳೆಗಾಲದಲ್ಲಿ ಒಂದು ರಾತ್ರಿ ತಂಗಿಯ ಮಗ ಹಿರೇಕೆರೂರಿನಿಂದ ಫೋನ್ ಮಾಡಿದ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಹುಡುಗ, ರಜೆಗೆ ಊರಿಗೆ ಬಂದಿದ್ದ. ಆ ಮಾತು ಈ ಮಾತು ಆದಮೇಲೆ ಮೆಲ್ಲಗೆ ಕೇಳಿದ.

"ಮಾಮಾ, ಆಮಿ ಬೆನ್ನು ಗುಡ್ಡಗುಡ್ಡ ಆಗದಂಗ ಹೆಂಗ ನೋಡ್ಕೋಬೇಕ್ರಿ? ನಿಮ್ಮ ಮನ್ಯಾಗ ಒಂದಿತ್ತಂತಲ್ಲ, ಅವ್ವ ಹೇಳ್ತಿದ್ಲು."

ಯಾರದೋ ಮೊಬೈಲ್ ನಂಬರ್ ಹಿಡಿದು ಎರಡು ನಕ್ಷತ್ರ ಆಮೆ ಮರಿ ತರಿಸಿದ್ದನಂತೆ. ಒಂದೊಂದು ಹಳೇ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡವು. ಫೋಟೋ ಕಳಿಸಿದ. ಬೂಟಿನ ಡಬ್ಬಿ, ಕೆಳಗೆ ಹಳೇ ಪೇಪರು, ಮೂಲೆಯಲ್ಲಿ ಒಂದು ಟೊಮ್ಯಾಟೊ ಹೋಳು. ಆ ಫೋಟೋ ನೋಡಿದ ಮೇಲೆ ನನಗೆ ನಿದ್ದೆ ಬರಲಿಲ್ಲ. ಯಾಕಂದರೆ ನಮ್ಮ ಮನೆಯಲ್ಲಿ ಒಂದು ಇದ್ದದ್ದು ನಿಜ. ಅದು ಸತ್ತದ್ದೂ ನಿಜ. ಅದರ ಚಿಪ್ಪು ಮೂವತ್ತೈದು ವರ್ಷದಿಂದ ಅಮ್ಮನ (ನಮ್ಮ ಕಡೆ ಅಜ್ಜಿಗೆ ಅಮ್ಮ ಅಂತೀವಿ) ತಗಡಿನ ಟ್ರಂಕಿನಲ್ಲಿ ಇದ್ದದ್ದೂ ನಿಜ.

ಹಾಗಾಗಿ ಇವತ್ತು ಆಮೆಯ ಬೆನ್ನಿನ ಇತಿಹಾಸ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ತಂದಿಟ್ಟುಕೊಂಡು ಕೂತುಕೊಳ್ಳಿ :)

ಕಾಕಾ ತಂದ ಆಮೆ

1986ನೇ ಇಸವಿ. ಆಗ ನಾವು ಧಾರವಾಡ ಜಿಲ್ಲೆಯವರು, ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ನಮ್ಮ ಕಾಕಾ ಲಾರಿ ಓಡಿಸುತ್ತಿದ್ದ. ಬ್ಯಾಡಗಿಯಿಂದ ಮೆಣಸಿನಕಾಯಿ ಲೋಡ್ ಹಾಕಿಕೊಂಡು ಆಂಧ್ರದ ಕಡೆ ಹೋದವನು ವಾಪಸ್ ಬರುವಾಗ ಒಂದು ಸಣ್ಣ ಚೀಲ ತಂದ. ಬಿಚ್ಚಿದರೆ ಅಂಗೈಯಗಲದ ಆಮೆ. ಕಪ್ಪು ಬೆನ್ನಿನ ಮೇಲೆ ಹಳದಿ ಗೆರೆಗಳು, ಪ್ರತಿ ಬಿಲ್ಲೆಯ ನಡುವಿನಿಂದ ಸುತ್ತಲೂ ಹೊರಟು, ಯಾರೋ ಕೂತು ರಂಗೋಲಿ ಹಾಕಿದಂತೆ. ದಾರಿಯ ಢಾಬಾದಲ್ಲಿ ಒಬ್ಬ ಕೊಟ್ಟನಂತೆ. "ಮನ್ಯಾಗ ಇದ್ರ ರೊಕ್ಕ ಬರ್ತೈತಂತ" ಅಂದ ಕಾಕಾ. ರೊಕ್ಕ ಬರಲಿಲ್ಲ, ಅದು ಬೇರೆ ಮಾತು.

ನನಗೆ ಹತ್ತು ವರ್ಷ, ತಂಗಿಗೆ ಏಳು. ನಮಗೆ ಗೊತ್ತಿದ್ದ ಆಮೆ ಕೆರೆ ಆಮೆ ಒಂದೇ. ಅದಕ್ಕೇ ಮೊದಲ ದಿನ ಇದನ್ನು ಬಕೆಟ್ ನೀರಿಗೆ ಬಿಟ್ಟೆವು. ಕಲ್ಲಿನಂತೆ ಕೆಳಗೆ ಹೋಯಿತು. ಅಪ್ಪ ಓಡಿಬಂದು ತೆಗೆಯದಿದ್ದರೆ ಕತೆ ಅವತ್ತೇ ಮುಗಿಯುತ್ತಿತ್ತು. ಅವತ್ತಿನಿಂದ ಮನೆಯಲ್ಲಿ ಒಂದು ಕಾನೂನು ಜಾರಿಯಾಯಿತು: ಆಮೆಗೆ ನೀರು ಆಗೋದಿಲ್ಲ. ಕುಡಿಯಲಿಕ್ಕೂ ಸರಿಯಾಗಿ ಇಡಲಿಲ್ಲ ಅನ್ನಿಸುತ್ತೆ ಈಗ ನೆನಸಿಕೊಂಡರೆ.

ಹಗಲೆಲ್ಲ ಅಟ್ಟದ ಮೇಲೆ ಒಂದು ಮರದ ಪೆಟ್ಟಿಗೆಯಲ್ಲಿ, ಬೆಕ್ಕು ನಾಯಿ ಮುಟ್ಟಬಾರದು ಅಂತ. ಮಳೆ ಶುರುವಾದರೆ ಅವ್ವ "ಥಂಡಿ ಆದೀತು, ಒಳಗ ತರ್ರಿ" ಅಂತ ಒಲೆಯ ಪಕ್ಕ ಇಡಿಸುತ್ತಿದ್ದಳು. ಊಟ ನಾವು ಉಂಡದ್ದೇ. ರೊಟ್ಟಿ ಚೂರು, ಅನ್ನ, ಮೊಳಕೆ ಹೆಸರುಕಾಳು, ಹಾಲು. ಪ್ರೀತಿಯಲ್ಲಿ ಏನೂ ಕಡಿಮೆ ಇರಲಿಲ್ಲ ಸ್ವಾಮಿ. ತಂಗಿಯಂತೂ ತನ್ನ ಪಾಲಿನ ಹಾಲಲ್ಲಿ ಅರ್ಧ ಅದಕ್ಕೇ ಕೊಡುತ್ತಿದ್ದಳು.

ಎರಡನೇ ವರ್ಷಕ್ಕೆ ಬೆನ್ನು ಏಳತೊಡಗಿತು. ಪ್ರತಿ ಬಿಲ್ಲೆಯೂ ಬೇರೆ ಬೇರೆ ಗುಡ್ಡ, ನಡುವೆ ಕಣಿವೆ. ಮೇಲಿಂದ ನೋಡಿದರೆ ಹದಿಮೂರು ಗುಡ್ಡ. ನಾವು ಎಣಿಸುತ್ತಿದ್ದೆವು, ಹೆಸರಿಡುತ್ತಿದ್ದೆವು. ಆಮೇಲೆ ಹಿಂಭಾಗ ಕುಸಿಯಿತು. ಬೆರಳಿಂದ ಒತ್ತಿದರೆ ಚಿಪ್ಪು ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಹಿಂಗಾಲು ಎಳೆಯುತ್ತಾ ನಡೆಯಿತು, ಆಮೇಲೆ ನಡೆಯಲಿಲ್ಲ. 1989ರ ಬೇಸಿಗೆಯಲ್ಲಿ ಒಂದು ಮುಂಜಾನೆ ತಲೆ ಹೊರಗೇ ಇತ್ತು. ತಂಗಿ ಎರಡು ದಿನ ಊಟ ಮಾಡಲಿಲ್ಲ. ಚಿಪ್ಪನ್ನು ಮಾತ್ರ ಅಮ್ಮ "ಎಸೀಬ್ಯಾಡ್ರಿ, ಕೂರ್ಮ ಐತಿ ಅದು" ಅಂತ ತೊಳೆದು ಒಣಗಿಸಿ ಟ್ರಂಕಿಗೆ ಸೇರಿಸಿದಳು.

ನಮ್ಮ ಊರಿಗೂ ಆಮೆಗೂ

ಹಿರೇಕೆರೂರು ಅಂದರೆ ಹೆಸರಲ್ಲೇ ಕೆರೆ. ಊರಿನ ದುರ್ಗಾದೇವಿ ಕೆರೆ, ಆಚೆ ಕುಮುದ್ವತಿಗೆ ಕಟ್ಟಿದ ಮದಗ ಮಾಸೂರು ಕೆರೆ. ಇಂಥ ಕೆರೆಗಳಲ್ಲಿರುವುದು ನೀರಿನ ಆಮೆ. ಮೆತ್ತನೆಯ ಚಪ್ಪಟೆ ಬೆನ್ನಿನದು ಒಂದು, ಕಪ್ಪು ಗಟ್ಟಿ ಬೆನ್ನಿನದು ಇನ್ನೊಂದು. ನಕ್ಷತ್ರ ಆಮೆ ನಮ್ಮ ಕಡೆಯದಲ್ಲ. ಅದು ನೆಲದ ಆಮೆ, ಕುರುಚಲು ಕಾಡಿನದು. ಅದಕ್ಕಿರುವುದು ಮೂರು ತುಂಡು ನೆಲೆ: ಗುಜರಾತ್-ರಾಜಸ್ಥಾನ ಮತ್ತು ಅದಕ್ಕೆ ತಾಗಿದ ಪಾಕಿಸ್ತಾನದ ಭಾಗ ಒಂದು, ಆಂಧ್ರ, ತಮಿಳುನಾಡು, ನಮ್ಮ ರಾಜ್ಯದ ಪೂರ್ವದ ಅಂಚು ಸೇರಿ ಇನ್ನೊಂದು, ಶ್ರೀಲಂಕಾ ಮೂರನೆಯದು. ಹಿರೇಕೆರೂರಿನ ಅಟ್ಟ ಈ ಮೂರರಲ್ಲಿ ಎಲ್ಲೂ ಇಲ್ಲ.

ಆದರೆ ಆಮೆಯ ಬಗ್ಗೆ ಮಾತು ನಮ್ಮಲ್ಲಿ ಹೊಸದಲ್ಲ. ಈ ನೆಲವನ್ನು ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಮಾಡಿಸಿದ 'ಮಾನಸೋಲ್ಲಾಸ'ದಲ್ಲಿ ಆಮೆಯನ್ನು ಹೇಗೆ ಅಡುಗೆ ಮಾಡಬೇಕು ಎಂದೂ ಇದೆ! ಅರಮನೆಯ ಅಡುಗೆಮನೆಗೆ ಆಮೆ ಒಂದು ತಿನಿಸು, ದೇವಸ್ಥಾನಕ್ಕೆ ವಿಷ್ಣುವಿನ ಅವತಾರ. ನಮ್ಮ ಪಕ್ಕದ ಬಳ್ಳಿಗಾವಿಯ ತ್ರಿಪುರಾಂತಕ ಗುಡಿಯ ಕಲ್ಲಿನಲ್ಲಿ ಪಂಚತಂತ್ರದ ಕತೆಗಳನ್ನು ಕೆತ್ತಿದ್ದಾರೆ. ಬಾಯಿ ತೆಗೆದು ಕೆಟ್ಟ ಆಮೆಯ ಕತೆ ಪಂಚತಂತ್ರದ್ದೇ ತಾನೆ, ನಮಗೆಲ್ಲ ಒಂದನೇ ಈಯತ್ತೆಗೇ ಗೊತ್ತು.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಶರಣರೂ ದಾಸರೂ ಮತ್ತೆ ಮತ್ತೆ ಬಳಸಿದ ಒಂದು ನಂಬಿಕೆ. ಮೀನು ತನ್ನ ಮರಿಯನ್ನು ನೋಟದಿಂದ ಸಾಕುತ್ತದೆ, ಹಕ್ಕಿ ಮುಟ್ಟಿ ಸಾಕುತ್ತದೆ, ಆಮೆ ಮಾತ್ರ ಬರೀ ನೆನೆದು ಸಾಕುತ್ತದೆ, ಅಂತ. ಗುರು ಶಿಷ್ಯನನ್ನು ನೆನೆದೇ ಉದ್ಧರಿಸುವುದಕ್ಕೆ ಇದು ಹೋಲಿಕೆ. ಈ ನಂಬಿಕೆ ಹುಟ್ಟಿದ್ದು ಯಾಕೆ ಅಂತ ಊಹಿಸುವುದು ಕಷ್ಟವಲ್ಲ. ತಾಯಿ ಆಮೆ ಮಣ್ಣು ಕೆದರಿ, ಗಟ್ಟಿ ನೆಲವಾದರೆ ತನ್ನದೇ ಮೂತ್ರದಿಂದ ನೆನೆಸಿ ಮೆತ್ತಗೆ ಮಾಡಿಕೊಂಡು, ಮೊಟ್ಟೆಯಿಟ್ಟು, ಹಿಂಗಾಲಿನಿಂದ ಮುಚ್ಚಿ ಹೊರಟುಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಆದರೂ ಮರಿ ಬದುಕುತ್ತದೆ. ಹಾಗಾದರೆ ಯಾರೋ ನೆನೆಯುತ್ತಿರಬೇಕಲ್ಲ!

ನೆನೆಯುವುದು ಅಂದರೆ ಕನ್ನಡದಲ್ಲಿ ಎರಡು ಅರ್ಥ. ಸ್ಮರಿಸುವುದು, ಮತ್ತೆ ಒದ್ದೆಯಾಗುವುದು. ಈ ಎರಡನೆಯ ಅರ್ಥವೇ ನಿಜ ಅಂತ ನನಗೆ ಗೊತ್ತಾಗೋಕೆ ಬಹಳ ವರ್ಷ ಬೇಕಾಯಿತು. ಅದನ್ನೇ ಹೇಳೋಕೆ ಹೊರಟಿದ್ದೇನೆ.

ಬೆನ್ನು ಬೆಳೆಯುವ ರೀತಿ

ಮೊದಲು ಚಿಪ್ಪು ಅಂದರೆ ಏನು ಅಂತ ನೋಡೋಣ. ಅದು ಆಮೆ ಹೊತ್ತು ತಿರುಗುವ ಮನೆಯಲ್ಲ, ಅದರ ಮೈಯೇ. ಬೆನ್ನೆಲುಬು, ಪಕ್ಕೆಲುಬು ಅಗಲವಾಗಿ ಬೆಸೆದುಕೊಂಡು ಆದ ಎಲುಬಿನ ಗುಮ್ಮಟ. ಅದರ ಮೇಲೆ ನಮ್ಮ ಉಗುರಿನದೇ ಜಾತಿಯ ಕೆರಾಟಿನ್ ಬಿಲ್ಲೆಗಳ ಹೊದಿಕೆ. ನಡುಬೆನ್ನಿನ ಸಾಲಿನಲ್ಲಿ ಐದು, ಎಡಬಲಕ್ಕೆ ನಾಲ್ಕು ನಾಲ್ಕು, ಒಟ್ಟು ಹದಿಮೂರು ದೊಡ್ಡ ಬಿಲ್ಲೆ. ನಾವು ಎಣಿಸಿದ ಗುಡ್ಡಗಳು ಅವೇ. ಅಂಚಿನ ಸಣ್ಣವು ಬೇರೆ.

ಮರಿ ಬೆಳೆದಂತೆ ಬಿಲ್ಲೆ ಉದುರುವುದಿಲ್ಲ. ಪ್ರತಿ ಬಿಲ್ಲೆಯ ಸುತ್ತ, ಪಕ್ಕದ ಬಿಲ್ಲೆಗೆ ಕೂಡುವ ಸಂದಿನಲ್ಲಿ, ಹೊಸ ಕೆರಾಟಿನ್ ಸೇರುತ್ತಾ ಹೋಗುತ್ತದೆ. ನಡುವೆ ಇರುವುದು ಮರಿಯಾಗಿದ್ದಾಗಿನ ಬಿಲ್ಲೆ, ಸುತ್ತಲಿನ ಉಂಗುರಗಳು ಆಮೇಲಿನ ಬೆಳವಣಿಗೆ. ಈ ಉಂಗುರ ಪಕ್ಕಕ್ಕೆ ಹರಡಿದರೆ ಬೆನ್ನು ನುಣುಪಾಗುತ್ತದೆ. ಪಕ್ಕಕ್ಕೆ ಹೋಗಲಾರದೆ ಕೆಳಗೆ ಇಳಿಯುತ್ತಾ ಹೋದರೆ ನಡುಭಾಗ ಮೇಲೆ ಉಳಿದು ಪಿರಮಿಡ್ ಆಗುತ್ತದೆ. ಇಂಗ್ಲಿಷಿನವರು ಇದಕ್ಕೆ ಪಿರಮಿಡಿಂಗ್ ಅಂತಲೇ ಹೆಸರಿಟ್ಟಿದ್ದಾರೆ. ಒಮ್ಮೆ ಎದ್ದ ಗುಡ್ಡ ಮತ್ತೆ ಇಳಿಯುವುದಿಲ್ಲ. ಮುಂದಿನ ಉಂಗುರವನ್ನು ಸರಿಮಾಡಬಹುದು, ಹಿಂದಿನದನ್ನಲ್ಲ. ಅದಕ್ಕೇ ಇದೆಲ್ಲ ಮರಿಯಲ್ಲಿ, ಮೊದಲ ಒಂದೆರಡು ವರ್ಷದಲ್ಲಿ ತೀರ್ಮಾನವಾಗಿಬಿಡುತ್ತದೆ.

ಆಮೆ ಸಾಕುವ ಇತಿಹಾಸ ತೆಗೆದರೆ ಈ ಮರಿಗಳ ಕಷ್ಟ ತಡವಾಗಿ ಕಾಣಿಸಿಕೊಳ್ಳುತ್ತದೆ. ಹಿಂದೆ ಸಾಕುತ್ತಿದ್ದದ್ದು ಹೆಚ್ಚಾಗಿ ಬೆಳೆದ ಆಮೆಗಳನ್ನೇ. ಇಂಗ್ಲೆಂಡಿನ ಪಾದ್ರಿ ಗಿಲ್ಬರ್ಟ್ ವೈಟ್ 1780ರಲ್ಲಿ ತನ್ನ ಅತ್ತೆಯ ತೋಟದ ಆಮೆಯನ್ನು ಮನೆಗೆ ತಂದು, ಅದು ಯಾವಾಗ ಮಲಗಿತು, ಯಾವಾಗ ಎದ್ದಿತು ಎಲ್ಲ ಬರೆದಿಟ್ಟ. ತಿಮೋತಿ ಅಂತ ಗಂಡಿನ ಹೆಸರಿಟ್ಟಿದ್ದರು, ಸತ್ತಮೇಲೆ ನೋಡಿದರೆ ಹೆಣ್ಣು! ಕೋಲ್ಕತ್ತಾದ ಆಲಿಪುರ ಮೃಗಾಲಯದ ದೈತ್ಯ ಆಮೆ ಅದ್ವೈತ ಕೂಡ ಹಾಗೆ ಬೆಳೆದೇ ಬಂದದ್ದು, ಲಾರ್ಡ್ ಕ್ಲೈವನದು ಎಂದು ಹೇಳಿಕೆ. ಹಳೇ ಬ್ಲಾಗಿಗರಿಗೆ ನೆನಪಿರಬಹುದು, 2006ರ ಮಾರ್ಚಿನಲ್ಲಿ ಅದು ಸತ್ತಾಗ ಪೇಪರಿನಲ್ಲೆಲ್ಲ ಬಂದಿತ್ತು. ಚಿಪ್ಪು ಬಿರುಕು ಬಿಟ್ಟು ಒಳಗೆ ಗಾಯವಾಗಿತ್ತು. ಇಂಥ ಆಮೆಗಳ ಬೆನ್ನು ಕಾಡಲ್ಲೇ ಬೆಳೆದು ಮುಗಿದಿತ್ತು. ಮರಿಗಳನ್ನೇ ಡಬ್ಬಿಯಲ್ಲಿ ಮಾರುವುದು ಇಪ್ಪತ್ತನೆಯ ಶತಮಾನದ ವ್ಯಾಪಾರ. ಅಮೆರಿಕದಲ್ಲಿ ಇದು ಎಷ್ಟು ಬೆಳೆಯಿತೆಂದರೆ, ಮಕ್ಕಳಿಗೆ ಸಾಲ್ಮೊನೆಲ್ಲಾ ಅಂಟುತ್ತದೆ ಅಂತ 1975ರಲ್ಲಿ ನಾಲ್ಕು ಇಂಚಿಗಿಂತ ಸಣ್ಣ ಚಿಪ್ಪಿನ ಆಮೆ ಮಾರುವುದನ್ನೇ ಸರ್ಕಾರ ನಿಲ್ಲಿಸಿತು. ಮರಿಗಳು ಮನೆಗೆ ಬಂದ ಮೇಲೆಯೇ ಗುಡ್ಡದ ಬೆನ್ನುಗಳು ತುಂಬಿದವು.

ಕತ್ತಲೆಯ ರೋಗ

ನಮ್ಮ ಆಮೆಗೆ ಆದದ್ದು ಒಂದು ರೋಗವಲ್ಲ, ಎರಡು. ಇದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಬೆನ್ನು ಗುಡ್ಡವಾಗುವುದು ಬೇರೆ, ಚಿಪ್ಪು ಮೆತ್ತಗಾಗಿ ಕಾಲು ಹೋಗುವುದು ಬೇರೆ. ಒಂದೇ ಮನೆಯಲ್ಲಿ, ಒಂದೇ ಡಬ್ಬಿಯಲ್ಲಿ ಎರಡೂ ಜೊತೆಗೆ ಬರುವುದರಿಂದ ಜನ ಒಂದೇ ಅಂದುಕೊಳ್ಳುತ್ತಾರೆ.

ಮೆತ್ತಗಾದದ್ದು ನಮ್ಮ ಮಕ್ಕಳಿಗೂ ಬರುವ ರಿಕೆಟ್ಸ್‌ನ ಅಣ್ಣತಮ್ಮ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಹೊಗೆ ತುಂಬಿದ ಊರುಗಳ, ಬಿಸಿಲು ಕಾಣದ ಓಣಿಗಳ ಮಕ್ಕಳ ಕಾಲು ಸೊಟ್ಟಗಾಗುತ್ತಿತ್ತು. 1919ರಲ್ಲಿ ಬರ್ಲಿನ್ನಿನ ಹುಲ್ಡ್‌ಶಿನ್ಸ್ಕಿ ಎಂಬ ಡಾಕ್ಟರು ಅಂಥ ಮಕ್ಕಳನ್ನು ಅತಿನೇರಳೆ ಕಿರಣದ ದೀಪದ ಮುಂದೆ ಕೂರಿಸಿ ಎಲುಬು ಗಟ್ಟಿಯಾಗುವುದನ್ನು ಎಕ್ಸ್‌ರೇಯಲ್ಲಿ ತೋರಿಸಿದರು. ಅದರ ಬೆನ್ನಿಗೇ ವಿಟಮಿನ್ ಡಿ ಗೊತ್ತಾಯಿತು. ಬಿಸಿಲು ಚರ್ಮಕ್ಕೆ ಬಿದ್ದರೆ ವಿಟಮಿನ್ ಡಿ, ಅದಿದ್ದರೆ ಮಾತ್ರ ತಿಂದ ಸುಣ್ಣದ ಅಂಶ ಮೈಗೆ ಹತ್ತುತ್ತದೆ, ಅದು ಎಲುಬಿಗೆ ಸೇರುತ್ತದೆ. ಆಮೆಯಲ್ಲೂ ಇದೇ ಲೆಕ್ಕ. ಸುಣ್ಣ ಸಾಲದಿದ್ದರೆ ಮೈ ತನ್ನ ಎಲುಬಿನಿಂದಲೇ ತೆಗೆದು ರಕ್ತಕ್ಕೆ ಕೊಡುತ್ತದೆ. ಆಮೆಯ ಎಲುಬು ಎಲ್ಲಿದೆ? ಬೆನ್ನಿನಲ್ಲಿ. ಹಾಗಾಗಿ ಬೆನ್ನು ಕುಸಿಯುತ್ತದೆ.

ನಾವು ಏನು ಮಾಡಿದ್ದೆವು? ಅಟ್ಟದ ಕತ್ತಲಲ್ಲಿ ಇಟ್ಟಿದ್ದೆವು. ರೊಟ್ಟಿ, ಅನ್ನ ಹಾಕಿದ್ದೆವು, ಅದರಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಆಮೆಯ ಮೇವಿನಲ್ಲಿ ರಂಜಕದ ಎರಡು ಪಟ್ಟಾದರೂ ಸುಣ್ಣ ಇರಬೇಕು ಎನ್ನುತ್ತಾರೆ, ನಮ್ಮದು ಪೂರ್ತಿ ಉಲ್ಟಾ. ಕಿಟಕಿಯ ಗಾಜಿನ ಹಿಂದೆ ಬಿಸಿಲಿಗೆ ಇಟ್ಟರೂ ಉಪಯೋಗವಿಲ್ಲ, ಬೇಕಾದ ಕಿರಣವನ್ನು ಗಾಜು ತಡೆದುಬಿಡುತ್ತದೆ. ಕಾಡಲ್ಲಿದ್ದಿದ್ದರೆ ಹುಲ್ಲು, ಬಳ್ಳಿ, ಎಲೆ ಮೇಯ್ದು ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿತ್ತು.

ಬೇಳೆಯ ಮೇಲಿನ ಆಪಾದನೆ

ಇನ್ನು ಗುಡ್ಡದ ಕತೆ. 2005ರ ಸುಮಾರಿಗೆ ನಾನು ಬೆಂಗಳೂರಿಗೆ ಬಂದು ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಅಂತ ಕೊಟ್ಟು ಇಂಟರ್ನೆಟ್ ನೋಡುತ್ತಿದ್ದ ಕಾಲ. ಒಂದು ದಿನ ಸುಮ್ಮನೆ ಆಮೆಯ ಬೆನ್ನಿನ ಬಗ್ಗೆ ಹುಡುಕಿದೆ. ಎಲ್ಲ ಕಡೆ ಒಂದೇ ಮಾತು: ಪ್ರೋಟೀನ್ ಜಾಸ್ತಿಯಾದರೆ ಬೆನ್ನು ಗುಡ್ಡವಾಗುತ್ತದೆ. ಹೆಸರುಕಾಳು! ಹಾಲು! ಅಂದರೆ ತಂಗಿ ತನ್ನ ಪಾಲಿನ ಹಾಲು ಕೊಟ್ಟು ಕೊಂದಳು ಅಂತಾಯಿತು. ನಾನು ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ, ಒಂದು ದೀಪಾವಳಿಯಲ್ಲಿ, ತಮಾಷೆ ಮಾಡಿದಂತೆ. ಅವಳು ನಗಲಿಲ್ಲ.

ನಾನು ಓದಿದ್ದು ಆಗಲೇ ಹಳತಾಗಿತ್ತು ಅನ್ನುವುದು ನನಗೆ ಗೊತ್ತಾದದ್ದು ಈಗ, ಅಳಿಯನ ಫೋನ್ ಬಂದ ಮೇಲೆ. 2003ರಲ್ಲೇ ವಿಯೆನ್ನಾದ ವೀಸ್ನರ್ ಮತ್ತು ಈಬೆನ್ ಎಂಬಿಬ್ಬರು ಒಂದು ಪರೀಕ್ಷೆ ಪ್ರಕಟಿಸಿದ್ದರು. ಆಫ್ರಿಕಾದ ಸುಲ್ಕಾಟಾ ಆಮೆಯ ಐವತ್ತು ಹೊಸ ಮರಿಗಳನ್ನು ಗುಂಪು ಮಾಡಿ, ಮೇವಿನ ಪ್ರೋಟೀನು ಮತ್ತು ಗಾಳಿಯ ತೇವ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ಐದು ತಿಂಗಳು ಬೆಳೆಸಿದರು. ಪ್ರೋಟೀನಿನಿಂದ ಆದ ವ್ಯತ್ಯಾಸ ಅಲ್ಪ. ನಿಜವಾದ ವ್ಯತ್ಯಾಸ ತೇವದಿಂದ. ಗಾಳಿಯ ತೇವ ಶೇಕಡಾ 45ರಿಂದ 99ರವರೆಗೆ ಇದ್ದ ಗುಂಪಿನ ಬೆನ್ನು ಹೆಚ್ಚು ನುಣುಪು, ಒಣ ಗುಂಪುಗಳ ಬೆನ್ನಿನ ಗುಡ್ಡ ಎತ್ತರ. ಮರುಭೂಮಿಯ ಅಂಚಿನ ಆಮೆಯ ಮರಿಗೇ ತೇವ ಬೇಕು ಅಂದಾಗ ಎಲ್ಲರಿಗೂ ಆಶ್ಚರ್ಯ.

ಯಾಕೆ ಹೀಗೆ ಅಂದರೆ, ಸಂದಿನಲ್ಲಿ ಹೊಸದಾಗಿ ಬಂದ ಕೆರಾಟಿನ್ ಒಣಗಾಳಿಗೆ ಬೇಗ ಬಿಗಿದುಕೊಂಡು ಪಕ್ಕಕ್ಕೆ ಹರಡಲಾಗದೆ ಕೆಳಕ್ಕೆ ಹೋಗುತ್ತದೆ ಅಂತ ವಿವರಿಸುತ್ತಾರೆ. ನೆನೆದ ಉಗುರು ಬಗ್ಗುತ್ತದೆ, ಒಣ ಉಗುರು ಬಗ್ಗುವುದಿಲ್ಲ ಅಲ್ವಾ, ಹಾಗೆ. ಪರೀಕ್ಷೆ ಆಫ್ರಿಕಾದ ಆಮೆಯ ಮೇಲಾದದ್ದು, ನಮ್ಮದರ ಮೇಲಲ್ಲ, ಅದನ್ನು ಮರೆಯಬಾರದು. ಆದರೆ ನಮ್ಮ ನಕ್ಷತ್ರ ಆಮೆಯ ಬದುಕು ನೋಡಿದರೆ ಇದು ಸರಿಯಾಗಿ ಕೂರುತ್ತದೆ. ಅದು ಓಡಾಡುವುದು, ಮೇಯುವುದು, ಜೊತೆಯಾಗುವುದು ಎಲ್ಲ ಮಳೆಗಾಲದಲ್ಲೇ ಹೆಚ್ಚು. ಮರಿಗಳು ಹೊರಬರುವುದೂ ಮಳೆಯ ಜೊತೆಗೆ. ಹಸಿ ಹುಲ್ಲಿನ ಬುಡದಲ್ಲಿ, ತೇವದ ತರಗೆಲೆ ಕೆಳಗೆ ಹುದುಗಿಕೊಂಡು ಮೊದಲ ತಿಂಗಳು ಕಳೆಯುತ್ತವೆ. ನಾವು ಒಣನಾಡಿನ ಪ್ರಾಣಿ ಅಂದುಕೊಂಡದ್ದು ಬೆಳೆದ ಆಮೆಯನ್ನು ನೋಡಿ. ಮರಿ ಬೇರೆಯೇ ಲೋಕದ್ದು.

ನಮ್ಮ ಅವ್ವ ಮಳೆಯಲ್ಲಿ ಅದನ್ನು ಒಳಗೆ ತಂದು ಒಲೆಯ ಪಕ್ಕ ಇಡಿಸುತ್ತಿದ್ದಳು ಅಂದೆನಲ್ಲ... ಅದು ಬೆಳೆಯಬೇಕಾದ ತಿಂಗಳುಗಳಲ್ಲೇ, ಅದಕ್ಕೆ ಬೇಕಾದ ಒಂದೇ ಒಂದು ವಸ್ತುವಿನಿಂದ ದೂರ ಇಟ್ಟೆವು. ಹೆಸರುಕಾಳೂ ಹಾಲೂ ಆಮೆಯ ಮೇವಲ್ಲ, ನಿಜ. ಆದರೆ ಗುಡ್ಡಕ್ಕೆ ಕಾರಣ ತಂಗಿಯ ಹಾಲಲ್ಲ. ಅದನ್ನು ಅವಳಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಇಷ್ಟು ವರ್ಷ ಆದಮ್ಯಾಲೆ ಹೇಳ್ತೀಯಲ್ಲಣ್ಣ" ಅಂದಳು.

ಹುಟ್ಟಾ ಗುಡ್ಡ, ಸಾಕಿದ ಗುಡ್ಡ

ಇಲ್ಲೊಂದು ಗೊಂದಲ ಇದೆ. ನಕ್ಷತ್ರ ಆಮೆಯ ಬೆನ್ನು ಕಾಡಿನಲ್ಲೂ ಪೂರ್ತಿ ನುಣುಪಲ್ಲ. ಬಿಲ್ಲೆಗಳು ಸ್ವಲ್ಪ ಉಬ್ಬಿರುವುದು ಅದರ ಜಾತಿಯ ಗುಣ. ಇದಕ್ಕೊಂದು ಚೆಂದದ ಕತೆಯಿದೆ. 1995ರಲ್ಲಿ ರಷ್ಯಾದ ಗಣಿತಜ್ಞ ಆರ್ನಾಲ್ಡ್ ಒಂದು ಊಹೆ ಮಾಡಿದರು: ಹೇಗೆ ಬೀಳಿಸಿದರೂ ತಾನಾಗಿ ಒಂದೇ ಭಂಗಿಗೆ ಬಂದು ನಿಲ್ಲುವ, ಒಳಗೆ ಭಾರ ತುಂಬದ, ಉಬ್ಬಿದ ಒಂದು ಆಕಾರ ಇರಲು ಸಾಧ್ಯ ಅಂತ. ಹಂಗೇರಿಯ ದೊಮೊಕೋಶ್ ಮತ್ತು ವಾರ್ಕೊನ್ಯಿ 2006ರಲ್ಲಿ ಅದನ್ನು ಮಾಡಿ ತೋರಿಸಿದರು, ಗೊಂಬೊಟ್ಸ್ ಅಂತ ಅದರ ಹೆಸರು. ನಮ್ಮ ತಂಜಾವೂರು ಬೊಂಬೆಯಂತೆಯೇ, ಆದರೆ ಬುಡದಲ್ಲಿ ಭಾರವಿಲ್ಲದೆ. ಆಮೇಲೆ ಅವರೇ ಆಮೆಗಳನ್ನು ಅಳೆದು ನೋಡಿದರೆ, ಎತ್ತರದ ಗುಮ್ಮಟದ ಆಮೆಗಳು, ಅದರಲ್ಲೂ ನಮ್ಮ ನಕ್ಷತ್ರ ಆಮೆ, ಈ ಆಕಾರಕ್ಕೆ ಬಹಳ ಹತ್ತಿರ! ಬೆನ್ನ ಮೇಲೆ ಬಿದ್ದರೆ ಹೊರಳಿ ಏಳಲು ಆಕಾರವೇ ಸಹಾಯ ಮಾಡುತ್ತದೆ.

ಅಂದರೆ ಬೆನ್ನಿನ ಆಕಾರ ಬರೀ ಚೆಂದದ ವಿಷಯವಲ್ಲ. ಸಾಕಿದ ಗುಡ್ಡವನ್ನು ಗುರುತಿಸುವುದು ಹೀಗೆ: ಬಿಲ್ಲೆಗಳ ನಡುವಿನ ಸಂದು ಆಳವಾದ ಕಣಿವೆಯಾಗಿರುತ್ತದೆ, ಒಟ್ಟು ಗುಮ್ಮಟ ಚಪ್ಪಟೆಯಾಗಿ ಸೊಂಟದ ಹತ್ತಿರ ಕುಸಿದಿರುತ್ತದೆ. ಅಮ್ಮನ ಟ್ರಂಕಿನ ಚಿಪ್ಪನ್ನು ಮೇಜಿನ ಮೇಲೆ ಮಗುಚಿ ಇಟ್ಟು ನೋಡಿದೆ. ಅದು ಹೊರಳಲಿಲ್ಲ. ಖಾಲಿ ಚಿಪ್ಪಿನಿಂದ ಏನೂ ಸಾಬೀತಾಗುವುದಿಲ್ಲ ಬಿಡಿ, ಆದರೂ ನೋಡಿದೆ.

ಅಳಿಯನಿಗೆ ಹೇಳಿದ್ದು

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ಹುಡುಗನ ಪ್ರಶ್ನೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇತ್ತು. ತೇವ ಹಿಡಿದಿಡುವ ಮಣ್ಣು, ಹಸಿ ಎಲೆ ತುಂಬಿದ ಒಂದು ಮರೆ, ಅಲ್ಲೇ ಮಲಗಲಿ. ದಿನಾ ಸ್ವಲ್ಪ ಹೊತ್ತು ಉಗುರು ಬೆಚ್ಚಗಿನ ನೀರು, ಗದ್ದ ಮುಳುಗದಷ್ಟು ಮಾತ್ರ. ಬೆಳಗಿನ ನೇರ ಬಿಸಿಲು, ಪಕ್ಕದಲ್ಲೇ ನೆರಳು. ತೇವ ಬೇಕು ಆದರೆ ಥಂಡಿ ಬೇಡ. ತಂಪೂ ಒದ್ದೆಯೂ ಸೇರಿದರೆ ಶ್ವಾಸದ ಕಾಯಿಲೆ ಬರುತ್ತದೆ. ಅವ್ವ ಹೆದರಿದ್ದು ಪೂರ್ತಿ ತಪ್ಪೇನಲ್ಲ! ಮೇವಿಗೆ ಹುಲ್ಲು, ಕಳೆ, ದಾಸವಾಳದ ಎಲೆ ಹೂವು. ಪಾಲಕ್ ದಿನಾ ಹಾಕಬಾರದು, ಅದರ ಆಕ್ಸಲೇಟು ಸುಣ್ಣವನ್ನು ಹಿಡಿದುಕೊಳ್ಳುತ್ತದೆ. ಸುಣ್ಣಕ್ಕೆ ಗ್ರಂಥಿಗೆ ಅಂಗಡಿಯ ಸಮುದ್ರದ ನೊರೆ ಒಂದು ತುಂಡು. ಅನ್ನ, ರೊಟ್ಟಿ, ಹಾಲು ಬೇಡವೇ ಬೇಡ.

ಇಷ್ಟು ಬರೆದಿಟ್ಟುಕೊಂಡೆ. ಆದರೆ ಕಳಿಸಲಿಲ್ಲ. ಯಾಕೆಂದರೆ ಅವನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ.

ನಕ್ಷತ್ರ ಆಮೆ ಸಾಕುವುದು ನಮ್ಮ ದೇಶದಲ್ಲಿ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬಹಳ ಕಾಲ ಅದು ನಾಲ್ಕನೇ ಅನುಸೂಚಿಯಲ್ಲಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಾದ ಮೇಲೆ ಮೊದಲನೇ ಅನುಸೂಚಿಗೆ, ಹುಲಿ ಇರುವ ಪಟ್ಟಿಗೆ ಬಂತು. ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದಲ್ಲೂ 2019ರ ಜಿನೀವಾ ಸಭೆಯಲ್ಲಿ ಅದನ್ನು ಎರಡನೆಯ ಪಟ್ಟಿಯಿಂದ ಮೊದಲನೆಯದಕ್ಕೆ ಏರಿಸಿದರು, ಭಾರತವೂ ಸೇರಿ ಕೇಳಿಕೊಂಡದ್ದರಿಂದ. ಇದು ಸುಮ್ಮನೆ ಆದದ್ದಲ್ಲ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಆಂಧ್ರದ ಒಂದೇ ಒಂದು ವ್ಯಾಪಾರ ಕೇಂದ್ರದ ಸುತ್ತಮುತ್ತಲಿಂದ ವರ್ಷಕ್ಕೆ ಕನಿಷ್ಠ 55,000 ಆಮೆ ಹಿಡಿಯುತ್ತಿದ್ದರು. ಹೆಚ್ಚಿನವು ಮರಿಗಳೇ. ಹೊರದೇಶಕ್ಕೆ ಸಾಕಲು, ಇಲ್ಲಿ ಅದೃಷ್ಟಕ್ಕೆ. ಇಪ್ಪತ್ತು ಉಗುರಿನ ಆಮೆಗೆ ಲಕ್ಷಗಟ್ಟಲೆ ಅಂತ ಮೋಸ ಮಾಡುವ ಸುದ್ದಿ ನೀವೂ ಓದಿರುತ್ತೀರಿ. ನಕ್ಷತ್ರ ಆಮೆಗೆ ಮುಂದೆ ಐದೈದು, ಹಿಂದೆ ನಾಲ್ಕು ನಾಲ್ಕು, ಒಟ್ಟು ಹದಿನೆಂಟೇ ಉಗುರು!

ಎರಡು ಮರಿಯ ಬೆನ್ನು ನೆಟ್ಟಗಿರಲಿ ಅಂತ ನಾನು ಹೇಳಿಕೊಟ್ಟರೆ, ಡಬ್ಬಿಯಲ್ಲಿ ಮಾರುವವನಿಗೆ ಇನ್ನೆರಡಕ್ಕೆ ದಾರಿ ಮಾಡಿಕೊಟ್ಟಂತೆ. ಮರುದಿನವೇ ಊರಿಗೆ ಹೊರಟೆ.

ಹುಡುಗ ಹೆದರಿ ಬಿಳಿಚಿಕೊಂಡ. ಮೊದಲನೇ ಅನುಸೂಚಿ ಅಂದರೆ ಮೂರರಿಂದ ಏಳು ವರ್ಷದ ಶಿಕ್ಷೆಯ ಮಾತು. "ಮದಗದ ಕೆರಿ ಕಡಿ ಹೋಗಿ ಗುಡ್ಡದಾಗ ಬಿಟ್ಟು ಬರೋಣ್ರಿ ಮಾಮಾ, ಯಾರಿಗೂ ಗೊತ್ತಾಗಂಗಿಲ್ಲ" ಅಂದ. ತಂಗಿಗೂ ಅದೇ ಸರಿ ಅನ್ನಿಸಿತು. ನನಗೂ ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದು ಅವುಗಳ ನೆಲವಲ್ಲ. ಡಬ್ಬಿಯಿಂದ ಹತ್ತಿಕೊಂಡ ರೋಗ ಇಲ್ಲಿನ ಆಮೆಗಳಿಗೆ ಹೋದೀತು. ಸಿಂಗಪುರದಲ್ಲಿ ಹಿಡಿದು ವಾಪಸ್ ಕಳಿಸಿದ ನಕ್ಷತ್ರ ಆಮೆಗಳು ಯಾವ ನೆಲದವು ಅಂತ ತಿಳಿಯಲಿಕ್ಕೆ ಹೈದರಾಬಾದಿನ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ್ದರು. ಎಲ್ಲಿಂದ ಬಂದದ್ದು ಅಂತ ಗೊತ್ತಿಲ್ಲದೆ ಎಲ್ಲಿಗೆ ಬಿಡುವುದು? 2018ರಲ್ಲಿ ಮತ್ತೆ 51 ಆಮೆಗಳು ಸಿಂಗಪುರದಿಂದ ನಮ್ಮ ಬೆಂಗಳೂರಿಗೇ ಬಂದವು. ಅವನ್ನೂ ನೇರ ಕಾಡಿಗೆ ಸುರಿಯಲಿಲ್ಲ, ಮೊದಲು ಆರೈಕೆ ಮಾಡಿದರು.

ಪರಿಚಯದ ವಕೀಲರೊಬ್ಬರನ್ನು ಜೊತೆಗೆ ಕರೆದುಕೊಂಡು ಅರಣ್ಯ ಇಲಾಖೆಯ ಕಚೇರಿಗೆ ಹೋದೆವು. ಸತ್ತ ಪ್ರಾಣಿಯ ಚಿಪ್ಪು ಇಟ್ಟುಕೊಳ್ಳುವುದೂ ತಪ್ಪೇ ಅಂತ ವಕೀಲರು ಹೇಳಿದ್ದರಿಂದ ಅಮ್ಮನ ಟ್ರಂಕಿನ ಚಿಪ್ಪನ್ನೂ ಒಯ್ದೆ. ಬೂಟಿನ ಡಬ್ಬಿ, ಪಕ್ಕದಲ್ಲಿ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಚಿಪ್ಪು. ತಂಗಿ ಬಟ್ಟೆ ಬಿಚ್ಚಿ ಒಂದು ಸಲ ಬೆರಳಾಡಿಸಿ ಮತ್ತೆ ಸುತ್ತಿ ಕೊಟ್ಟಳು.

ಅಲ್ಲಿದ್ದವರು ಬರೆದುಕೊಳ್ಳುತ್ತಾ ಕೇಳಿದರು, "ಎಲ್ಲಿಂದ ತಂದದ್ದು?" ಹುಡುಗ ನಂಬರ್ ಕೊಟ್ಟ, ಅದು ಆಗಲೇ ಸ್ವಿಚ್ ಆಫ್. ಮರಿಗಳು ಯಾವ ಊರಿನವು ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಚಿಪ್ಪಿನದು ಕೇಳಿದಾಗ ನಾನು "ಆಂಧ್ರದ ಯಾವುದೋ ಢಾಬಾ" ಅಂದೆ. ಯಾವ ಊರು ಅಂತ ಕಾಕಾಗೆ ಮಾತ್ರ ಗೊತ್ತಿತ್ತು, ಕಾಕಾ ಈಗಿಲ್ಲ. ಮೂವತ್ತೈದು ವರ್ಷ ಇಟ್ಟುಕೊಂಡಿದ್ದೆವು, ಎಲ್ಲಿಯದು ಅಂತ ಒಬ್ಬರೂ ಕೇಳಿರಲಿಲ್ಲ.

ಹುಡುಗನ ಹೇಳಿಕೆ ಬರೆದುಕೊಂಡಿದ್ದಾರೆ, ಮುಂದೆ ಏನಾಗುತ್ತದೋ ನೋಡಬೇಕು. ಅವನು ನನ್ನ ಮೇಲೆ ಸ್ವಲ್ಪ ಸಿಟ್ಟಾಗಿದ್ದಾನೆ, ಅದು ಸಹಜ. ಹೊರಡುವ ಮುಂಚೆ ಮಾತ್ರ ಒಂದು ಕೆಲಸ ಮಾಡಿದ. ಡಬ್ಬಿಯ ಪೇಪರ್ ತೆಗೆದು, ಅಂಗಳದ ಹಸಿ ಹುಲ್ಲು ಕಿತ್ತು ತಂದು ಹಾಸಿದ. ಸಣ್ಣಗೆ ಮಳೆ ಬರುತ್ತಿತ್ತು. ಮರಿಗಳೆರಡೂ ತಲೆ ಹೊರಗೆ ಹಾಕಿ ಹುಲ್ಲಿನ ಬುಡಕ್ಕೆ ನುಗ್ಗಿ ಕಾಣದಾದವು.

ನಿಮ್ಮ ಮನೆಯ ಅಟ್ಟದಲ್ಲೋ ಟ್ರಂಕಿನಲ್ಲೋ ಇಂಥದ್ದೊಂದು ಕತೆ ಇದ್ದರೆ ನೀವೂ ಬರೆಯಿರಿ. ಮರಿ ಇದ್ದರೆ ಮಾತ್ರ ಬರೆಯುತ್ತಾ ಕೂರಬೇಡಿ, ಮೊದಲು ಅದನ್ನು ಒಪ್ಪಿಸಿ ಬನ್ನಿ.